ದೇಶ ಕೇಳುವ ಫಾರ್ಮು, ದೇಶವಿಲ್ಲದ ಹುಡುಗರು

ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ‘ದೇಶ’ ಅಂದ್ರೆ ಫಾರ್ಮಿನಲ್ಲಿರೋ ಒಂದು ಡ್ರಾಪ್‌ಡೌನ್, ಅಷ್ಟೇ. ಅಫ್ಘಾನಿಸ್ತಾನದಿಂದ ಶುರುವಾಗಿ ಜಿಂಬಾಬ್ವೆಗೆ ಮುಗಿಯುತ್ತೆ. ಪಕ್ಕದಲ್ಲಿ ‘ಕಡ್ಡಾಯ’ ಅಂತ ಕೆಂಪು ನಕ್ಷತ್ರ ಇಟ್ಟರೆ ನಮ್ಮ ಕೆಲಸ ಮುಗೀತು. ಆದರೆ ಮೂರು ಕೋಟಿಗೂ ಹೆಚ್ಚು ಜನರಿರೋ ಒಂದು ಸಮುದಾಯದ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಅವರು ಕುರ್ದರು.

ಮೊದಲ ಮಹಾಯುದ್ಧ ಮುಗಿದ ಮೇಲೆ 1920ರ ಸೆವ್ರ್ ಒಪ್ಪಂದದಲ್ಲಿ ಕುರ್ದರಿಗೂ ಒಂದು ನಾಡು ಸಿಗಬಹುದು ಅನ್ನೋ ಆಸೆ ಹುಟ್ಟಿತ್ತು. 1923ರ ಲೊಸಾನ್ ಒಪ್ಪಂದದಲ್ಲಿ ಅವರ ಹೆಸರೇ ಮಾಯ. ಅಂದಿನಿಂದ ಟರ್ಕಿ, ಇರಾನ್, ಇರಾಕ್, ಸಿರಿಯಾ ಅಂತ ನಾಲ್ಕು ಪಾಲು. ಕೂಲಿಗೆ, ದಬ್ಬಾಳಿಕೆಗೆ, ಯುದ್ಧಕ್ಕೆ ಊರು ಬಿಟ್ಟವರು ಯುರೋಪು ಸೇರಿದರು. ಅಲ್ಲಿ ಅತಿ ಹೆಚ್ಚು ಕುರ್ದರಿರೋದು ಜರ್ಮನಿಯಲ್ಲಿ. ಸ್ವೀಡನ್ನಿನಲ್ಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಈಗ ಅವರ ಮಕ್ಕಳು, ಮೊಮ್ಮಕ್ಕಳು ಕಾಲೇಜಿನಲ್ಲಿದ್ದಾರೆ.

ಈ ಹುಡುಗ ಹುಡುಗಿಯರಿಗಾಗಿ ಯುವ ವಿನಿಮಯ ಕಾರ್ಯಕ್ರಮ ನಡೆಸಬೇಕು ಅಂದರೆ ಯಾರಾದರೂ ತಕ್ಷಣ ಹೇಳೋ ಮಾತು: “ಹತ್ತು ದಿನ ಅವರ ಪೂರ್ವಜರ ಊರಿಗೆ ಕರೆದುಕೊಂಡು ಹೋಗಿ.” ಯಹೂದಿ ಯುವಕರನ್ನು ಇಸ್ರೇಲಿಗೆ ಕರೆದೊಯ್ಯುವ ‘ಬರ್ತ್‌ರೈಟ್’ ಇದೆ, ಭಾರತೀಯ ಮೂಲದವರಿಗೆ ನಮ್ಮ ವಿದೇಶಾಂಗ ಸಚಿವಾಲಯದ ‘ನೋ ಇಂಡಿಯಾ’ ಇದೆ. ಹಾಗೇ ಇದೂ ಒಂದು ಅಂತ. ನನ್ನ ಅಭಿಪ್ರಾಯದಲ್ಲಿ ಕುರ್ದರ ವಿಷಯದಲ್ಲಿ ಈ ಮಾದರಿ ನಡೆಯೋದಿಲ್ಲ.

ಯಾಕೆ ಅಂತೀರಾ? ಕರೆದುಕೊಂಡು ಹೋಗೋದು ಎಲ್ಲಿಗೆ? ನಿರಾಶ್ರಿತರಾಗಿ ಆಶ್ರಯ ಪಡೆದವರು ಬಿಟ್ಟುಬಂದ ದೇಶಕ್ಕೇ ಹೋಗಿಬಂದರೆ ಆ ಆಶ್ರಯಕ್ಕೇ ಕುತ್ತು ಬರಬಹುದು. ಇರಾನ್ ಎರಡು ಪೌರತ್ವವನ್ನು ಒಪ್ಪೋದೇ ಇಲ್ಲ. ಅಲ್ಲಿ ಹಿಡಿದು ಹಾಕಿದರೆ ಸ್ವೀಡನ್ನಿನ ಪಾಸ್‌ಪೋರ್ಟ್ ತೋರಿಸಿ ಪ್ರಯೋಜನ ಇಲ್ಲ. ಸುಲಭವಾಗಿ ಹೋಗಬಹುದಾದ ಜಾಗ ಅಂತ ಉಳಿಯೋದು ಇರಾಕಿನ ಕುರ್ದಿಸ್ತಾನ ಪ್ರಾಂತ್ಯ. ಅಲ್ಲಿ ಕುರ್ದರದೇ ಸರ್ಕಾರ ಇದೆ, 2005ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಕುರ್ದಿಶ್ ಕೂಡ ಇರಾಕಿನ ಅಧಿಕೃತ ಭಾಷೆ.

ಅಲ್ಲೂ ಒಂದು ತೊಡಕಿದೆ ನೋಡಿ. ಟರ್ಕಿಯ ದಿಯಾರ್‌ಬಕಿರ್ ಮೂಲದ ಬರ್ಲಿನ್ ಹುಡುಗಿ ಮನೆಯಲ್ಲಿ ಕೇಳಿ ಬೆಳೆದದ್ದು ಬಹುಮಟ್ಟಿಗೆ ಕುರ್ಮಾಂಜಿ. ಅದರ ಬರವಣಿಗೆ ಲ್ಯಾಟಿನ್ ಲಿಪಿಯಲ್ಲಿ. ಇರಾಕಿನ ಸುಲೈಮಾನಿಯಾದಲ್ಲಿ ಆಡೋದು ಸೊರಾನಿ, ಬರೆಯೋದು ಅರಬ್ಬಿ ಮೂಲದ ಲಿಪಿಯಲ್ಲಿ. “ತಾಯ್ನಾಡು” ಅಂತ ಹೋದವಳಿಗೆ ಅಂಗಡಿಯ ಬೋರ್ಡು ಓದೋಕೆ ಬರಲ್ಲ, ಅಂಗಡಿಯವನ ಮಾತೂ ಸರಿಯಾಗಿ ಅರ್ಥ ಆಗಲ್ಲ! ಅದೇ ಪ್ರಾಂತ್ಯದ ದುಹೋಕ್‌ಗೆ ಹೋದರೆ ಮಾತು ತಿಳಿಯುತ್ತೆ, ಯಾಕಂದ್ರೆ ಅಲ್ಲಿಯದು ಕುರ್ಮಾಂಜಿಯದೇ ಇನ್ನೊಂದು ಬಗೆ. ಲಿಪಿ ಮಾತ್ರ ಅಲ್ಲೂ ಬೇರೆ. ಇಷ್ಟು ಸಣ್ಣ ವಿಷಯ ಯೋಚಿಸದೆ ಬಸ್ ಹತ್ತಿಸಿದರೆ ಆ ಹುಡುಗಿ “ನಾನು ಇಲ್ಲಿಯವಳೂ ಅಲ್ಲ” ಅಂದುಕೊಂಡು ವಾಪಸ್ ಹೋಗ್ತಾಳೆ.

ಇನ್ನು ಯುರೋಪಿನ ‘ಎರಾಸ್ಮಸ್ ಪ್ಲಸ್’ ವಿನಿಮಯ. 13ರಿಂದ 30 ವಯಸ್ಸಿನವರಿಗೆ, 5ರಿಂದ 21 ದಿನ, ಕನಿಷ್ಠ ಎರಡು ದೇಶದ ತಂಡಗಳು ಇರಬೇಕು. ಒಳ್ಳೆಯದೇ. ಆದರೆ ಬರ್ಲಿನ್ನಿನ ಕುರ್ದ್ ಹುಡುಗ ಅಲ್ಲಿ ‘ಜರ್ಮನಿ ತಂಡ’, ಸ್ಟಾಕ್‌ಹೋಮಿನವಳು ‘ಸ್ವೀಡನ್ ತಂಡ’. ನನ್ನ ವಾದ ಏನಂದ್ರೆ, ಇದೇ ಚೌಕಟ್ಟನ್ನು ಹಿಡಿದು ಮೊದಲ ವಿನಿಮಯ ವಲಸಿಗರ ಮಕ್ಕಳ ನಡುವೆಯೇ ಆಗಲಿ. ಟರ್ಕಿ ಮೂಲದವಳು, ಇರಾನ್ ಮೂಲದವನು, ಸಿರಿಯಾದಿಂದ ಬಂದವನು ಒಂದೇ ಕೋಣೆಯಲ್ಲಿ ಕೂತು ಒಬ್ಬರ ಲಿಪಿಯನ್ನು ಇನ್ನೊಬ್ಬರು ಕಲಿಯಲಿ. ಊರಲ್ಲಿ ಗಡಿ, ಸೈನ್ಯ ಅಡ್ಡ ಇರೋದರಿಂದ ಇವರೆಲ್ಲ ಸೇರೋದು ಕಷ್ಟ. ಯುರೋಪಿನಲ್ಲಿ ಒಂದು ರೈಲಿನ ಟಿಕೆಟ್ ಸಾಕು.

ಭಾಷೆಯ ಮೇಲೇ ಇಷ್ಟೊಂದು ಒತ್ತು ಯಾಕೆ? ಟರ್ಕಿ ತನ್ನ ದೂತಾವಾಸಗಳ ಮೂಲಕ ಜರ್ಮನಿಯಲ್ಲಿ ಟರ್ಕಿಶ್ ಪಾಠ ಮಾಡಿಸುತ್ತೆ. ಕುರ್ದಿಶ್‌ಗೆ ಮೇಷ್ಟ್ರನ್ನು ಕಳಿಸೋಕೆ ಯಾವ ದೂತಾವಾಸವೂ ಇಲ್ಲ. ಅದೇ ಟರ್ಕಿಯಲ್ಲಿ 1983ರ ಒಂದು ಕಾನೂನು 1991ರವರೆಗೂ ಕುರ್ದಿಶ್ ಭಾಷೆಯ ಬಾಯಿ ಕಟ್ಟಿತ್ತು. ಟರ್ಕಿಶ್ ವರ್ಣಮಾಲೆಯಲ್ಲಿಲ್ಲದ ಕ್ಯೂ, ಡಬ್ಲ್ಯೂ, ಎಕ್ಸ್ ಅಕ್ಷರಗಳ ಮೇಲಿನ ನಿರ್ಬಂಧ ಸಡಿಲಿಸುವ ಮಾತು ಬಂದದ್ದು 2013ರಲ್ಲಿ. ಯುನಿಕೋಡ್‌ನಲ್ಲಿ ಕನ್ನಡದ ಅರ್ಕಾವತ್ತಿಗಾಗಿ ತಲೆ ಕೆಡಿಸಿಕೊಂಡ ನಮಗೆ, ಅಕ್ಷರಕ್ಕೇ ಬೇಲಿ ಹಾಕೋದು ಅಂದ್ರೇನು ಅಂತ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಉತ್ತರವೂ ವಲಸಿಗರಿಂದಲೇ ಬಂದಿದೆ. ಮೆಹ್ಮೆದ್ ಉಝುನ್ 1977ರಲ್ಲಿ ಟರ್ಕಿ ಬಿಟ್ಟು ಸ್ವೀಡನ್ ಸೇರಿ ಕುರ್ಮಾಂಜಿಯಲ್ಲಿ ಕಾದಂಬರಿ ಬರೆದರು. ಸ್ವೀಡನ್ನಿನ ಶಾಲೆಗಳಲ್ಲಿ ತಾಯ್ನುಡಿ ಪಾಠದ ವ್ಯವಸ್ಥೆ ಇದೆ. ಪ್ಯಾರಿಸ್ಸಿನ ಕುರ್ದಿಶ್ ಇನ್‌ಸ್ಟಿಟ್ಯೂಟ್ 1983ರಿಂದ ಕೆಲಸ ಮಾಡ್ತಾ ಇದೆ. ವಿನಿಮಯದ ಹೊಣೆ ಇಂಥ ಕಡೆ ಇರಲಿ, ಪಕ್ಷಗಳ ಕೈಗೆ ಬೇಡ. ಇರಾಕಿನ ಎರಡು ದೊಡ್ಡ ಕುರ್ದ್ ಪಕ್ಷಗಳು 1994ರಿಂದ ಕೆಲವು ವರ್ಷ ಪರಸ್ಪರ ಬಂದೂಕು ಹಿಡಿದಿದ್ದವು. ಪಿಕೆಕೆಯನ್ನು ಯುರೋಪ್ ಒಕ್ಕೂಟ 2002ರಲ್ಲೇ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. 2025ರಲ್ಲಿ ಅದು ತನ್ನನ್ನು ತಾನೇ ವಿಸರ್ಜಿಸುವ ಘೋಷಣೆ ಮಾಡಿತು, ಸರಿ. ಆದರೂ ಶಿಬಿರ ಅಂದ ತಕ್ಷಣ “ಮಗನನ್ನು ಎಲ್ಲಿಗೆ ಎಳೀತಾರೋ” ಅಂತ ಅಮ್ಮಂದಿರ ಎದೆ ಧಸಕ್ಕೆನ್ನೋದರಲ್ಲಿ ತಪ್ಪೇನಿದೆ?

ಇನ್ನೊಂದು ಮಾತು. ವಿನಿಮಯ ಅಂದ ಮೇಲೆ ಎರಡು ದಿಕ್ಕಿನಲ್ಲೂ ನಡೀಬೇಕು. ಬರ್ಲಿನ್ನಿನವನು ಎರ್ಬಿಲ್‌ಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದರೆ ಅದು ಪ್ರವಾಸ. ಎರ್ಬಿಲ್ ಹುಡುಗಿಗೂ ಷೆಂಗೆನ್ ವೀಸಾ ಸಿಕ್ಕಿ ಅವಳು ಬರ್ಲಿನ್‌ಗೆ ಬಂದು ಅವನ ತಮ್ಮನಿಗೆ ನಾಲ್ಕು ವಾರ ಪಾಠ ಹೇಳಿಕೊಟ್ಟರೆ ವಿನಿಮಯ. ದುಡ್ಡು ಕೊಡೋ ಯುರೋಪಿನ ಸರ್ಕಾರಗಳು ಮೊದಲು ಆ ವೀಸಾ ಕೊಡಲಿ.

ನಮ್ಮವರ ಮಕ್ಕಳು ನ್ಯೂಜೆರ್ಸಿಯಲ್ಲಿ ಕನ್ನಡ ಮರೆತರೂ ಬೇಸಿಗೆ ರಜೆಗೆ ಅಜ್ಜಿ ಮನೆ ಇದೆ, ಬಸ್ಸಿನ ಮೇಲೆ ಕನ್ನಡದ ಬೋರ್ಡಿದೆ, 1956ರಿಂದ ಒಂದು ರಾಜ್ಯ ಇದೆ. ಎಷ್ಟು ಬೈದುಕೊಂಡರೂ ಇದೆ. ಎಷ್ಟೋ ಕುರ್ದ್ ಮಕ್ಕಳ ಅಜ್ಜಿ ಮನೆ ಗಡಿಯಾಚೆ ಸಿಕ್ಕಿಹಾಕಿಕೊಂಡಿದೆ. ಹಾಗಾಗಿ ಅವರಿಗೆ ಬೇಕಾದ್ದು ಹತ್ತು ದಿನದ ತಾಯ್ನಾಡಲ್ಲ, ವರ್ಷವಿಡೀ ತಮ್ಮ ನುಡಿಯಲ್ಲಿ ಜಗಳ ಆಡೋಕೆ, ಜೋಕು ಹೊಡೆಯೋಕೆ ನಾಲ್ಕು ಜನ ಗೆಳೆಯರು ಅಂತ ನನಗನ್ನಿಸುತ್ತೆ. ನೀವೇನಂತೀರಿ?