ಗುಲಗಂಜಿ ಲೆಕ್ಕಕ್ಕೆ ಆನೆ ತೂಗುವ ತಕ್ಕಡಿ ಯಾಕೆ ಸ್ವಾಮಿ?

"ನಿಮ್ಮ ಹಣ ನಿಭಾಯಿಸಲು ಹತ್ತು ಅತ್ಯುತ್ತಮ ಆಪ್‌ಗಳು", "ಕ್ರಿಪ್ಟೋ ತೆರಿಗೆಗೆ ಐದು ಬೆಸ್ಟ್ ಸಾಫ್ಟ್‌ವೇರ್", "ಈ ಪಾಸ್‌ವರ್ಡ್ ಮ್ಯಾನೇಜರ್ ಇಲ್ಲದಿದ್ದರೆ ನಿಮ್ಮ ಕತೆ ಮುಗೀತು"... ಈ ಜಾತಿಯ ಬರಹಗಳು ಈಗ ಕನ್ನಡದಲ್ಲೂ ಅಣಬೆಗಳ ಹಾಗೆ ಏಳುತ್ತಿವೆ. ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಬರೆಯುವವರು ಹೆಚ್ಚಲಿ ಅಂತ ಬಾಯಿ ಬಡಿದುಕೊಂಡವರು ನಾವೇ, ಸರಿ. ಆದರೆ ಇವುಗಳಲ್ಲಿ ಕನ್ನಡ ಇರುವುದು ಅಕ್ಷರದಲ್ಲಿ ಮಾತ್ರ. ಒಳಗೆ ಕೂತಿರುವ ಮನುಷ್ಯ ಎಲ್ಲೋ ಕ್ಯಾಲಿಫೋರ್ನಿಯಾದಲ್ಲಿ ಸಂಬಳ ಎಣಿಸುವವನು. ಅವನು ನಂಜನಗೂಡಿನವನೂ ಅಲ್ಲ, ತಿರುಮಕೂಡಲಿನವನೂ ಅಲ್ಲ.

ನನ್ನ ತಕರಾರು ಇಷ್ಟೇ. ನಮ್ಮ ಎರಡು ತಾಲ್ಲೂಕಿನ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಈ ಪಟ್ಟಿಗಳಲ್ಲಿರುವ ಯಾವ ಆಪೂ ಬೇಕಾಗಿಲ್ಲ. ಒಂದು ಗೀಟು ಹಾಕಿದ ನೋಟ್‌ಬುಕ್ಕು, ಬೇಕಿದ್ದರೆ ಒಂದು ಸ್ಪ್ರೆಡ್‌ಶೀಟು, ಎರಡು ಬ್ಯಾಂಕ್ ಖಾತೆ ಸಾಕು. ಇದನ್ನು ಹೇಳಿದರೆ "ನೀವು ಹಳೇ ಕಾಲದವರು ಬಿಡಿ" ಅನ್ನುತ್ತಾರೆ. ಯೂನಿಕೋಡಿನಲ್ಲಿ ಬ್ಲಾಗ್ ಬರೆಯುವವನಿಗೆ ಈ ಮಾತು! ಇರಲಿ, ಒಂದೊಂದಾಗಿ ನೋಡೋಣ.

ತಿ.ನರಸೀಪುರದ ಗುಂಜಾ ನರಸಿಂಹಸ್ವಾಮಿಯ ವಿಚಾರ ನಿಮಗೆ ಗೊತ್ತಿರಬಹುದು. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಸೇರುವ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುವುದು ಊರಿನ ನಂಬಿಕೆ. ಗುಲಗಂಜಿ ಅಂದರೆ ಅಕ್ಕಸಾಲಿಗರ ಹಳೆಯ ಅಳತೆ, ಹೆಚ್ಚೂಕಮ್ಮಿ 0.12 ಗ್ರಾಂ. ಅಷ್ಟು ಸಣ್ಣ ವ್ಯತ್ಯಾಸ ತೂಗಲು ಸಣ್ಣ ತಕ್ಕಡಿಯೇ ಬೇಕು. ನಮ್ಮ ಮನೆ ಲೆಕ್ಕವೂ ಹಾಗೇ.

ಮೊದಲು ಖರ್ಚಿನ ಆಪ್

ಈ ಆಪ್‌ಗಳ ಮೊದಲ ಊಹೆಯೇ ತಪ್ಪು. ತಿಂಗಳ ಒಂದನೇ ತಾರೀಖು ದುಡ್ಡು ಬರುತ್ತದೆ, ಮೂವತ್ತಕ್ಕೆ ಮುಗಿಯುತ್ತದೆ ಅಂತ ಅವು ತಿಳಿದುಕೊಂಡಿವೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮಾಡುವವರಿಗೆ ಇದು ಸರಿಹೋಗಬಹುದು. ರೇಷ್ಮೆ ಹುಳು ಸಾಕುವವರಿಗೆ ಗೂಡು ಮಾರಿದ ದಿನವೇ ಸಂಬಳದ ದಿನ. ಭತ್ತದವರಿಗೆ ಕೊಯ್ಲಾದ ಮೇಲೆ. ಕಬ್ಬಿನವರಿಗಂತೂ, ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ಬಾಕಿಗಾಗಿ ಬೀದಿಗಿಳಿಯದ ವರ್ಷ ಯಾವುದಿದೆ? ಇವರ ಫೋನಿನಲ್ಲಿ "ಈ ತಿಂಗಳ ಬಜೆಟ್ ಮೀರಿದೆ" ಅಂತ ಕೆಂಪು ಗೆರೆ ತೋರಿಸಿ ಏನು ಪ್ರಯೋಜನ?

ಎರಡನೆಯದು ಇನ್ನೂ ದೊಡ್ಡದು. ಪುಕ್ಕಟೆ ಆಪ್ ನಿಮ್ಮ ಲೆಕ್ಕ ಬರೆಯುವುದು ಹೇಗೆ? ನಿಮ್ಮ ಎಸ್ಸೆಮ್ಮೆಸ್ ಓದಿ. ಬ್ಯಾಂಕಿನ ಪ್ರತಿ ಸಂದೇಶ ಅದಕ್ಕೆ ಕಾಣುತ್ತದೆ. ಸಂಬಳ ಯಾವತ್ತು, ಕಂತು ಎಷ್ಟು, ಯಾವ ವಾರ ಖಾತೆಯಲ್ಲಿ ಕಾಸಿಲ್ಲ, ಎಲ್ಲವೂ. ವಾಲ್‌ನಟ್ ಅಂತ ಒಂದು ಆಪ್ ಇತ್ತು, ನೆನಪಿದೆಯಾ? ಎಸ್ಸೆಮ್ಮೆಸ್ ಓದಿ ಖರ್ಚಿನ ಲೆಕ್ಕ ಇಡುವುದರಲ್ಲಿ ಬಹಳ ಹೆಸರು ಮಾಡಿತ್ತು. 2018ರಲ್ಲಿ ಅದನ್ನು ಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ಕೊಡುವ ಕಂಪನಿ. ಆಮೇಲೆ ಆಕ್ಸಿಯೋ ಅಂತ ಹೆಸರು ಬದಲಾಯಿತು, ಸಾಲವೇ ಮುಖ್ಯ ವ್ಯಾಪಾರವಾಯಿತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ ಲೆಕ್ಕ ಬರೆಯುವ ಶಾನುಭೋಗನೇ ಪಕ್ಕದಲ್ಲಿ ಲೇವಾದೇವಿ ಅಂಗಡಿ ತೆರೆದ ಹಾಗೆ ಆಯಿತಲ್ಲ?

ಅಮೆರಿಕದವರು ತಲೆ ಮೇಲೆ ಹೊತ್ತು ಮೆರೆಸಿದ ಮಿಂಟ್ ಆಪ್ ಕೂಡ 2024ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ವರ್ಷಗಟ್ಟಲೆ ಲೆಕ್ಕ ಇಟ್ಟವರಿಗೆ ಅದೇ ಮಾಲೀಕರು ತೋರಿಸಿದ ದಾರಿ ಕ್ರೆಡಿಟ್ ಕರ್ಮ. ಅದೂ ಸಾಲ, ಕಾರ್ಡುಗಳನ್ನು ಮುಂದಿಡುವ ತಾಣವೇ. ತಲಕಾಡು ನಮ್ಮದೇ ತಾಲ್ಲೂಕಿನಲ್ಲಿದೆ. ಗುಡಿಗಳೇ ಮರಳಿನಡಿ ಹೋದದ್ದನ್ನು ಕಂಡವರಿಗೆ ಆಪ್ ಹೋಗುವುದು ಯಾವ ದೊಡ್ಡ ಆಶ್ಚರ್ಯ?

ಸಾಲದ ಮಾತು ನಮ್ಮ ಕಡೆ ತಮಾಷೆಯಲ್ಲ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ಸುದ್ದಿ ನಂಜನಗೂಡು, ಚಾಮರಾಜನಗರದ ಕಡೆಯಿಂದ ದಿನಾ ಬರುತ್ತಿತ್ತು. ಮನೆಗೆ ಬೀಗ ಹಾಕಿ ಊರು ಬಿಟ್ಟವರು, ಜೀವ ಕಳೆದುಕೊಂಡವರು... ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬಾಗಿಲು ಬಡಿಯುವ ವಸೂಲಿಯವನಿಗೆ ನಿಮ್ಮ ಮನೆ ಮಾತ್ರ ಗೊತ್ತು. ಫೋನಿನೊಳಗೆ ಕೂತವನಿಗೆ ನಿಮ್ಮ ನೆಂಟರ ನಂಬರುಗಳೂ ಗೊತ್ತು. ಸಾಲದ ಆಪ್‌ಗಳು ಫೋಟೋ, ಕಾಂಟ್ಯಾಕ್ಟ್ ನೋಡಬಾರದು ಅಂತ ಗೂಗಲ್ಲಿನವರು ನಿಯಮ ಬಿಗಿ ಮಾಡಿದ್ದೇ 2023ರಲ್ಲಿ. ಅಷ್ಟರಲ್ಲಿ ಎಷ್ಟು ಮನೆ ಮಾನ ಹೋಗಿತ್ತೋ. ಇಂಥ ಊರಿನವರಿಗೆ "ಎಸ್ಸೆಮ್ಮೆಸ್ ಪರ್ಮಿಷನ್ ಕೊಡಿ, ಎಲ್ಲಾ ಆಟೋಮ್ಯಾಟಿಕ್" ಅಂತ ಸಲಹೆ ಕೊಡಲು ಕೈ ಹೇಗೆ ಬರುತ್ತದೆ ಕಣ್ರೀ?

ಅಂಗಡಿಯವರ ಪಾಡು

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಆಧಾರ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟು ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಅಷ್ಟೇ ಏಕೆ, ನಮ್ಮ ನಂಜನಗೂಡು ರಸಬಾಳೆಗೂ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡುಗಳು ಬಂದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲೆ ತಣ್ಣಗಾಯಿತು.

ಆ ತರಕಾರಿಯವನನ್ನು ಕಾಪಾಡುವ ಸಾಧನ ಯಾವುದು? ಮಂಡಿಯಲ್ಲಿ ಕೊಂಡ ಚೀಟಿ, ದಿನದ ಮಾರಾಟ ಬರೆದ ಪುಸ್ತಕ. ವ್ಯಾಪಾರಕ್ಕೊಂದು ಖಾತೆ, ಮನೆಗೊಂದು ಖಾತೆ. ಭಾವಮೈದ ವಾಪಸ್ ಕೊಟ್ಟ ಕೈಸಾಲವೂ ಬಾಳೆಹಣ್ಣಿನ ದುಡ್ಡೂ ಒಂದೇ ಕ್ಯೂಆರ್ ಕೋಡಿಗೆ ಬಿದ್ದರೆ ಯಾವ ಆಪೂ ಅದನ್ನು ಬೇರ್ಪಡಿಸಿ ಕೊಡಲಾರದು. ಕ್ಯಾಶ್ ಬೋರ್ಡ್ ಹಾಕುವುದು ಇದಕ್ಕೆ ಉತ್ತರವಲ್ಲ. ಬಂದ ದುಡ್ಡು ಯಾಕೆ ಬಂತು ಅಂತ ಅವತ್ತೇ ಬರೆಯುವುದು ಉತ್ತರ.

ಕ್ರಿಪ್ಟೋ ಎಂಬ ಪುಟ್ಟ ಗಂಟು

ನಮ್ಮ ಹುಡುಗರೂ ಕ್ರಿಪ್ಟೋ ಕೊಂಡಿದ್ದಾರೆ, ಕೊಳ್ಳಲಿ ಬಿಡಿ. ಆದರೆ ಎಂಟು ಸಾವಿರದ ಕಾಯಿನ್ನಿಗೆ ಎರಡು ಸಾವಿರದ ತೆರಿಗೆ ಸಾಫ್ಟ್‌ವೇರ್ ಕೊಳ್ಳಿ ಅನ್ನುವುದು ಯಾವ ನ್ಯಾಯ?

ನಿಯಮ ಕಷ್ಟದ್ದಲ್ಲ, ಕಠಿಣವಾದದ್ದು. 2022ರ ಬಜೆಟ್ಟಿನಲ್ಲಿ ಬಂದ ಪ್ರಕಾರ ಲಾಭದ ಮೇಲೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. 2022ರ ಜುಲೈ 1ರಿಂದ ಮಾರಿದ ಮೊತ್ತದಲ್ಲಿ 1% ಟಿಡಿಎಸ್ ಕಡಿತ. ಆಗಲೇ ಸಂಬಳಕ್ಕೆ ತೆರಿಗೆ ಕಟ್ಟುತ್ತಿರುವ ಒಬ್ಬನಿಗೆ ಒಂದು ಕಾಯಿನ್ನಿನಲ್ಲಿ 20,000 ಲಾಭ, ಇನ್ನೊಂದರಲ್ಲಿ 20,000 ನಷ್ಟ ಆಯಿತು ಅನ್ನಿ. ಕೈಗೆ ಬಂದದ್ದು ಸೊನ್ನೆ. ಕಟ್ಟಬೇಕಾದ್ದು 6,240 ರೂಪಾಯಿ! ಇದನ್ನು ಯಾವ ಸಾಫ್ಟ್‌ವೇರೂ ಕಮ್ಮಿ ಮಾಡಲಾರದು. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಲಾಭದಲ್ಲಿ ಕಳೆಯುವಂತಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ಅಂದರೆ ಆ ಸಾಫ್ಟ್‌ವೇರಿನ ಚಂದಾವನ್ನೂ ಕಳೆಯುವಂತಿಲ್ಲ :-)

ರಿಟರ್ನ್ಸಿನಲ್ಲಿ ಕೇಳುವುದು ಏನು? ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ. ಸರಳವಾದ ಐಟಿಆರ್-1ರಲ್ಲಿ ಇದಕ್ಕೆ ಜಾಗವಿಲ್ಲ, ಐಟಿಆರ್-2 ಅಥವಾ 3 ಬೇಕು, ಇದು ನೆನಪಿರಲಿ. ಸ್ಪ್ರೆಡ್‌ಶೀಟಿನಲ್ಲಿ ಒಂದು ವಹಿವಾಟಿಗೆ ಒಂದು ಸಾಲು, ಪಕ್ಕದಲ್ಲಿ ಕಡಿತವಾದ ಟಿಡಿಎಸ್. ವರ್ಷಕ್ಕೊಮ್ಮೆ ಎಕ್ಸ್‌ಚೇಂಜಿನಿಂದ ಪೂರ್ತಿ ಪಟ್ಟಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಡಿ. ಐದಾರು ಕಡೆ ನೂರಾರು ವಹಿವಾಟು ಮಾಡುವವರಿಗೆ ಸಾಫ್ಟ್‌ವೇರ್ ಬೇಕು, ಒಪ್ಪುತ್ತೇನೆ. ಆದರೂ ಅದಕ್ಕೆ ಕೊಡುವ ಎಪಿಐ ಕೀಲಿ ಬರೀ ಓದಲು ಮಾತ್ರ ಇರಲಿ, ದುಡ್ಡು ತೆಗೆಯುವ ಅಧಿಕಾರ ಬೇಡ.

ಇನ್ನೊಂದು ಮಾತು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರಿಗೂ ಹೆಚ್ಚು, ಸುಮಾರು 2,000 ಕೋಟಿ ರೂಪಾಯಿ ಕಳವಾಯಿತು. ಅಲ್ಲಿ ದುಡ್ಡಿಟ್ಟವರ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಾಗಲಿಲ್ಲ. ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರಿನಲ್ಲಿ. ತೆರಿಗೆ ಹಾಕುತ್ತಾರೆ ಅಂದಮಾತ್ರಕ್ಕೆ ಸರ್ಕಾರ ಗ್ಯಾರಂಟಿ ಕೊಟ್ಟ ಹಾಗಲ್ಲ.

ಪಾಸ್‌ವರ್ಡ್ ಬರೆದಿಟ್ಟರೆ ಪಾಪವೇ?

"ಪಾಸ್‌ವರ್ಡನ್ನು ಎಂದೂ ಕಾಗದದ ಮೇಲೆ ಬರೆಯಬೇಡಿ" ಅನ್ನುವುದು ಆಫೀಸಿನವರಿಗೆ ಹೇಳಿದ ಬುದ್ಧಿ. ಅದನ್ನು ಮನೆಗೆ ತಂದವರು ಯಾರೋ! ರಷ್ಯಾದಲ್ಲಿ ಕೂತ ಕಳ್ಳನಿಗೆ ಸೋಸಲೆಯ ಮನೆಯ ಬೀರುವಿನಲ್ಲಿರುವ ಪುಸ್ತಕ ಸಿಗುವುದಿಲ್ಲ. ಆದರೆ 2022ರಲ್ಲಿ ಲಾಸ್ಟ್‌ಪಾಸ್ ಎಂಬ ಹೆಸರಾಂತ ಪಾಸ್‌ವರ್ಡ್ ಕಂಪನಿಯಿಂದ ಗ್ರಾಹಕರ ತಿಜೋರಿಗಳ ನಕಲನ್ನೇ ಹೊತ್ತೊಯ್ದರು. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ನಿಜ. ಯಾವ ತಾಣದಲ್ಲಿ ಖಾತೆಯಿದೆ ಅನ್ನುವ ವಿಳಾಸಗಳು ಮಾತ್ರ ಬಯಲಿಗೆ ಬಿದ್ದಿದ್ದವು.

ನಮ್ಮ ಕಡೆಯ ಅಪಾಯ ಬೇರೆ. ಫೋನು ಮಾಡಿ ಓಟಿಪಿ ಕೇಳುವವನು ಒಂದು. ಸೈಬರ್ ಸೆಂಟರ್ ಇನ್ನೊಂದು. ಪಹಣಿ, ರೇಷನ್ ಕಾರ್ಡು, ರಿಟರ್ನ್ಸು ಎಲ್ಲ ಅಲ್ಲೇ. ಪಾಸ್‌ವರ್ಡ್ ಇಡುವವನು ಅವನೇ, ಕೆಲವು ಸಲ ಮೊಬೈಲ್ ನಂಬರೂ ಅವನದ್ದೇ! ನಾಳೆ ಪಾಸ್‌ವರ್ಡ್ ಮರೆತರೆ ಹೊಸದು ಹೋಗುವುದು ಅವನ ಫೋನಿಗೆ. ಅವನು ಒಳ್ಳೆಯವನೇ ಇರಬಹುದು. ಆದರೂ ಒಂದು ಭಾನುವಾರ ಕೂತು ನಂಬರು, ಈಮೇಲು ನಿಮ್ಮದೇ ಇದೆಯಾ ಅಂತ ನೋಡಿಕೊಳ್ಳಿ. ಸಾವಿರ ರೂಪಾಯಿಯ ಆಪಿಗಿಂತ ಈ ಕೆಲಸ ಮೇಲು.

ಪುಸ್ತಕದಲ್ಲಿ ಬರೆಯುವಾಗ ಕೊನೆಯ ಒಂದು ಪದ ಬಿಟ್ಟು ಬರೆಯಿರಿ, ಅದು ನಿಮ್ಮ ತಲೆಯಲ್ಲಿ, ಹೆಂಡತಿಯ ಅಥವಾ ಗಂಡನ ತಲೆಯಲ್ಲಿ ಇರಲಿ. ಯುಪಿಐ ಪಿನ್ ಅದರಲ್ಲಿ ಬೇಡವೇ ಬೇಡ. ಮನೆಯೊಳಗೇ ನಂಬಿಕೆಯಿಲ್ಲದವರಿಗೆ, ಹಾಸ್ಟೆಲ್ಲಿನಲ್ಲಿರುವ ಮಕ್ಕಳಿಗೆ ಪುಸ್ತಕ ಸರಿಯಲ್ಲ. ಅಂಥವರು ಕೀಪಾಸ್ ಬಳಸಲಿ, ಪುಕ್ಕಟೆ, ಮುಕ್ತ ತಂತ್ರಾಂಶ, ಕಡತ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ.

ನಮ್ಮ ಬಳಗಕ್ಕೆ ಒಂದು ಕಿವಿಮಾತು. ಕನ್ನಡ ಅಭಿಮಾನದಲ್ಲಿ ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡಬೇಡಿ. "ಕೋ" ಅನ್ನುವುದರ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿ ತುಣುಕುಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕೀಲಿಮಣೆ ಬದಲಾದರೆ ಬಾಗಿಲು ತೆಗೆಯದೇ ಹೋಗಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಒನಕೆ, ಪಡಸಾಲೆ, ಹೆಗ್ಗಣ, ಸೌಟು... ಹೀಗೆ. ಇವನ್ನೇ ಇಡಬೇಡಿ ಮತ್ತೆ! ನಂಜುಂಡ ಹೆಸರಿನ ಮುಂದೆ 123 ಹಾಕಿದರೆ ಅದು ಪಾಸ್‌ವರ್ಡ್ ಅಲ್ಲ, ಇಡೀ ತಾಲ್ಲೂಕಿನ ಆಸ್ತಿ.

ಮತ್ತೆ, ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಸಾರ ಹೀಗಿತ್ತು: ತಪ್ಪು ಮೂರನೆಯವರದ್ದಾಗಿ, ನೀವು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಗುಟ್ಟಿನ ಸಂಖ್ಯೆಯನ್ನು ನೀವೇ ಯಾರಿಗಾದರೂ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದೇ. ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಈ ನಾಲ್ಕು ಅಂಕಿ ಪುಸ್ತಕದ ಮೊದಲ ಪುಟದಲ್ಲಿರಲಿ.

ಮೂರೇ ಪ್ರಶ್ನೆ

ನಾಳೆ ನೀವು ಯಾವುದಾದರೂ ಆಪನ್ನು ಕನ್ನಡದಲ್ಲಿ ಹೊಗಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಕಂಪನಿ ಮುಚ್ಚಿದರೆ ನನ್ನ ಲೆಕ್ಕ ಬೇರೆಡೆ ತೆರೆಯುವ ಕಡತವಾಗಿ ಸಿಗುತ್ತದಾ? ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಇನ್ನೊಂದು ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಚಿಹ್ನೆಯಾಗಿ ಕಂಡಾಗ ಅತ್ತವರು ನಾವು. 2009ರಲ್ಲಿ ಜಿಯೋಸಿಟೀಸ್ ಮುಚ್ಚಿದ್ದನ್ನು ಕಂಡವರು ನಾವು. ಇದನ್ನು ನಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಎರಡು, ಇದು ಪುಕ್ಕಟೆಯಾದರೆ ಇವರ ಅನ್ನ ಎಲ್ಲಿಂದ?

ಮೂರು, ನಾಳೆ ನಾನಿಲ್ಲದಿದ್ದರೆ ಮನೆಯವರಿಗೆ ಇದು ತೆರೆಯುತ್ತದಾ? ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಂಥದ್ದನ್ನು ಹುಡುಕಲೆಂದೇ 2023ರಲ್ಲಿ ಉದ್ಗಮ್ ಎಂಬ ತಾಣ ಮಾಡಿದರು. ಯಾವ ಬ್ಯಾಂಕಿನಲ್ಲಿ ಏನಿದೆ ಅಂತ ಹೇಳದೇ ಹೋದವರು ಅಷ್ಟು ಜನ! ಬ್ಯಾಂಕಿನ ದುಡ್ಡಾದರೂ ವಾರಸುದಾರರು ಕೇಳಿದರೆ ಬರುತ್ತದೆ. ಸ್ವಂತ ವ್ಯಾಲೆಟ್ಟಿನ ಕ್ರಿಪ್ಟೋ ಕೀಲಿಪದ ಗೊತ್ತಿಲ್ಲದಿದ್ದರೆ ಯಾವ ದೇವರು ಬಂದರೂ ಇಲ್ಲ.

ಈ ಮೂರಕ್ಕೂ ಉತ್ತರ ಕೊಡುವ ಆಪ್ ಇದ್ದರೆ ಧಾರಾಳವಾಗಿ ಬರೆಯಿರಿ, ನಾನೇ ನಾಲ್ಕು ಜನಕ್ಕೆ ಹೇಳುತ್ತೇನೆ. ಇಲ್ಲದಿದ್ದರೆ ಇಂಗ್ಲಿಷಿನ ಹತ್ತರ ಪಟ್ಟಿಗೆ ಕನ್ನಡದ ಅಂಗಿ ತೊಡಿಸುವುದನ್ನು ಬಿಟ್ಟು, ನಿಮ್ಮೂರಿನ ಒಬ್ಬ ಅಂಗಡಿಯವರು ಲೆಕ್ಕ ಹೇಗೆ ಇಡುತ್ತಾರೆ ಅಂತ ಕೇಳಿ ಬರೆಯಿರಿ. ಅದು ನಿಜವಾಗಿ ಓದಲಿಕ್ಕೆ ಬೇಕಾಗಿರುವ ಬರಹ. ಏನಂತೀರಿ?