ಮನೆವಾರ್ತೆ: ತಂತಿಗೆ ತಡೆಯೇಕೆ?

ನಮ್ಮ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ವೃದ್ಧೆಯೊಬ್ಬರು ಒಂಟಿಯಾಗಿರುವರು. ಪರದೇಶದಲ್ಲಿರುವ ಮಗನ ಮುಖವನ್ನು ಸಂಜೆ ಮೊಬೈಲಿನಲ್ಲಿ ನೋಡುವುದೇ ಅವರ ಸಂತೋಷ. ಕಳೆದ ಮಳೆಗಾಲದಲ್ಲಿ ಬ್ರಾಡ್‌ಬ್ಯಾಂಡಿನ ತಂತಿ ಕಡಿದು, ಒಂಬತ್ತು ದಿನ ಆ ಮುಖವು ಕಾಣದೆ ಹೋಯಿತು. ಬೇರೆ ಕಂಪೆನಿಯವರನ್ನು ಕರೆಯೋಣವೆಂದರೆ, ನಮ್ಮ ಸಂಘವು ಒಂದೇ ಕಂಪೆನಿಗೆ ಒಡಂಬಡಿಕೆ ಬರೆದುಕೊಟ್ಟಿದ್ದಿತು. ಅದಕ್ಕೆ ಕೈಯೆತ್ತಿದವರಲ್ಲಿ ನಾವೂ ಒಬ್ಬರು!

ವಾಚಕರೇ, ಈ ತಂತಿಯೊಳಗಿನ ಗಾಜಿನೆಳೆಯು ಕೂದಲಿನಷ್ಟು ಸಪೂರ. ಅದರಲ್ಲಿ ಸುದ್ದಿಯನ್ನು ಹೊತ್ತೊಯ್ಯುವುದು ಬೆಳಕು. ಹಲವು ಕಂಪೆನಿಗಳ ತಂತಿಗಳಿಗೂ ಒಂದು ಕೊಳವೆ ಸಾಕು. ಆದುದರಿಂದ ಎಡೆಯಿಲ್ಲವೆಂಬ ನೆಪವು ಸಲ್ಲದು. ಸಂಘದವರು ನೆಲದಿಂದ ಮೇಲಂತಸ್ತಿನವರೆಗೆ ಎಲ್ಲರಿಗೂ ಸಲ್ಲುವ ಕೊಳವೆಯೊಂದನ್ನು ಹಾಕಿಸಿ, ಇಬ್ಬರಿಗಾದರೂ ಎಡೆಗೊಡತಕ್ಕದ್ದು. ಗೋಡೆಯಲ್ಲಿ ಕೊರೆದ ರಂಧ್ರವನ್ನು ಮಳೆಗೆ ಮುಂಚೆ ಮುಚ್ಚಿಸುವ ಕರಾರೂ ಇರಲಿ. ಮನೆಯೊಳಗಿನ ಪೆಟ್ಟಿಗೆಯು ವಿದ್ಯುತ್ತಿಲ್ಲದೆ ನಡೆಯದು. ಚಿಕ್ಕ ಬ್ಯಾಟರಿಯೊಂದನ್ನು ಜೋಡಿಸಿರಿ. ಕಬ್ಬಿಣದ ಬೀರುವಿನ ಹಿಂದೆ ಅದನ್ನು ಅಡಗಿಸಬೇಡಿರಿ.

ಕಟ್ಟಡಗಳ ಅಂತರ್ಜಾಲ ಸೌಕರ್ಯವನ್ನು ಅಳೆದು ನಕ್ಷತ್ರಗಳನ್ನು ಕೊಡುವ ನಿಯಮಾವಳಿಯನ್ನು ಟ್ರಾಯ್ ಪ್ರಾಧಿಕಾರವು 2024ರಲ್ಲಿ ಹೊರಡಿಸಿತು. ಆದರೆ ನೆರೆಯವರ ಹಾದಿಯನ್ನು ಮುಚ್ಚದಿರಲು ನಮಗೆ ನಿಯಮವೇ ಬೇಕೇ? ಒಡಂಬಡಿಕೆಯನ್ನು ತಿದ್ದಿಸಿದ ಮೇಲೆ ಈಗ ನಮ್ಮಲ್ಲಿ ಎರಡು ಕಂಪೆನಿಗಳ ತಂತಿಗಳಿವೆ. ಆ ತಾಯಿಯ ಸಂಜೆಯು ಅವರಿಗೆ ಮರಳಿ ದೊರೆತಿದೆ.