‘ಪಿಪ್’ ಎಂದರೆ ಯಾರ ಪಿಪ್?



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, “ಸಾರ್, ಆ ಎಚ್ಚರಿಕೆಯನ್ನೆಲ್ಲ ಓದೋಕೆ ಹೋಗಬೇಡಿ. ಕೊನೇಲಿ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಅಂತ ಒಂದು ಸೇರಿಸಿಬಿಡಿ, ಆಗ್ಹೋಗುತ್ತೆ” ಎಂದ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಹುಡುಗ. ಈಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುವಷ್ಟು ವಿನಯವಂತ. ಆದರೆ ‘ಬ್ರೇಕ್’ ಎಂಬ ಶಬ್ದದ ಅರ್ಥವನ್ನು ಅವನಿಗೆ ಪ್ರಾಥಮಿಕ ಶಾಲೆಯಲ್ಲೇ ಯಾರಾದರೂ ಹೇಳಿಕೊಟ್ಟಿರಬೇಕಲ್ಲವೇ? ‘ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ’ ಎಂಬ ಆಜ್ಞೆಯನ್ನು ಅರವತ್ತು ದಾಟಿದ ಮೇಷ್ಟರೊಬ್ಬರಿಗೆ ಔಷಧಿಯಂತೆ ಬರೆದುಕೊಡುವುದೆಂದರೆ! ಆ ಸಿಟ್ಟಿನಲ್ಲೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಗಣಕಯಂತ್ರದ ಗೋಜು ಬೇಡವೆನ್ನುವ ಬಂಧುಗಳು ಈ ಬಾರಿ ಕ್ಷಮಿಸಬೇಕು.

ಸಿಟ್ಟಿಗೆ ಪೂರ್ವಕಥೆಯಿದೆ. ಅರಸೀಕೆರೆಯ ಸೀಮೆಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳಿಂದ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಬರೆದುಕೊಂಡು, 2004ರಿಂದ ಐದಾರು ವರ್ಷ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದೆನೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. (ಕೆಲವರು ರಜೆಯಲ್ಲಿ ಬಂದು ಪ್ರತಿ ತಿದ್ದಿದ್ದೀರಿ; ನೆನಪಿದೆ.) ಹಾಡಿದವರಲ್ಲಿ ಈಗ ಇಬ್ಬರೋ ಮೂವರೋ ಉಳಿದಿದ್ದಾರೆ. ಆ ಕಾಲದ ನುಡಿ ಕಡತಗಳಲ್ಲಿರುವುದು ಅಕ್ಷರವಲ್ಲ, ಅಕ್ಷರದ ಆಕಾರಗಳು. ಆ ಫಾಂಟಿಲ್ಲದೆ ತೆರೆದರೆ ಕಾಣುವುದು ಬರೀ ಗೀಚುಗೀಚು. ಅವನ್ನು ಯೂನಿಕೋಡಿಗೆ ತರಲು ವಿದ್ಯಾರ್ಥಿಯೊಬ್ಬ 2011ರಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಅದು ಪೈಥಾನ್ 2.7ರಲ್ಲಿ ಮಾತ್ರ ಓಡುತ್ತಿತ್ತು. ಹೀಗೆ ಪರಿವರ್ತಿಸಿದ ಪದಗಳನ್ನೆಲ್ಲ ಒಂದು ಪುಸ್ತಕದ ಕರಡಾಗಿ ಜೋಡಿಸಲು 2023ರ ಕೊನೆಯಲ್ಲಿ ನನ್ನ ತಮ್ಮನ ಮಗಳು ಇನ್ನೊಂದು ಪ್ರೋಗ್ರಾಮ್ ಬರೆದಳು. ಅದು ಆಗಷ್ಟೇ, ಅಕ್ಟೋಬರಿನಲ್ಲಿ, ಬಂದಿದ್ದ 3.12ರಲ್ಲಿ ಮಾತ್ರ ಓಡುತ್ತಿತ್ತು. ಉದ್ಧರಣ ಚಿಹ್ನೆಯೊಳಗೆ ಅದೇ ಉದ್ಧರಣ ಚಿಹ್ನೆಯನ್ನು ಬಳಸುವ ಹೊಸ ಸವಲತ್ತನ್ನು ಅವಳು ಬಳಸಿಕೊಂಡಿದ್ದಳು. ನನ್ನ ಉಬುಂಟು 22.04ರ ಸ್ವಂತ ಪೈಥಾನಾದರೋ 3.10. ಒಂದೇ ಯಂತ್ರದಲ್ಲಿ ಮೂರು ಪೈಥಾನುಗಳು! ಮೂರು ತಲೆಮಾರು ಒಂದೇ ಮನೆಯಲ್ಲಿ ಬಾಳುವುದನ್ನು ಕಂಡವರಿಗೆ ಇದೇನೂ ಅಸಾಧ್ಯವೆನಿಸದು. ಅಸಾಧ್ಯವೂ ಅಲ್ಲ.

3.12ನ್ನು ಪ್ರತ್ಯೇಕವಾಗಿ ಹಾಕಿಕೊಂಡೆ. ವರ್ಡ್ ಕಡತವನ್ನು ರಚಿಸಲು ಬೇಕಾದ ‘ಪೈಥಾನ್-ಡಾಕ್ಸ್’ ಎಂಬ ಪ್ಯಾಕೇಜಿಗಾಗಿ, ಎಲ್ಲ ಪಾಠಗಳೂ ಹೇಳುವಂತೆ, ‘ಪಿಪ್ ಇನ್‌ಸ್ಟಾಲ್’ ಎಂದು ಆಜ್ಞೆ ಕೊಟ್ಟೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನಲ್ಲೇ ಒತ್ತಬೇಕು.) ಯಶಸ್ವಿಯಾಯಿತೆಂದು ತೆರೆ ಹೇಳಿತು. ಪ್ರೋಗ್ರಾಮ್ ಓಡಿಸಿದರೆ, ‘ಡಾಕ್ಸ್ ಎಂಬುದೇ ಇಲ್ಲ’ ಎಂದಿತು. ಮತ್ತೆ ಹಾಕಿದೆ, ‘ಈಗಾಗಲೇ ಇದೆಯಲ್ಲ’ ಎಂದಿತು. ಮತ್ತೆ ಓಡಿಸಿದೆ, ‘ಇಲ್ಲ’ ಎಂದಿತು. ಇದೆ ಎನ್ನುವವನೊಬ್ಬ, ಇಲ್ಲ ಎನ್ನುವವನೊಬ್ಬ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು!

ಎಂಟನೆಯ ತರಗತಿಯ ಸರ್ವನಾಮದ ಪಾಠವನ್ನು ನೆನಪಿಸಿಕೊಳ್ಳಿ. ‘ರಾಮನು ಸೋಮನಿಗೆ ಅವನ ಪುಸ್ತಕವನ್ನು ಕೊಟ್ಟನು.’ ಯಾರ ಪುಸ್ತಕ? ನೀವೆಲ್ಲ ಕೈ ಎತ್ತಿ ಜಗಳವಾಡುತ್ತಿದ್ದಿರಿ. ‘ತನ್ನ ಪುಸ್ತಕವನ್ನು’ ಎಂದಿದ್ದರೆ ಜಗಳವಿಲ್ಲ, ಅದು ರಾಮನದು. ಬರಿಯ ‘ಪಿಪ್’ ಎಂಬುದು ಈ ‘ಅವನ’ ಇದ್ದಂತೆ. ಯಂತ್ರದಲ್ಲಿ ಪೈಥಾನುಗಳು ಮೂರಿರುವಾಗ ಪಿಪ್ ಎಂದರೆ ಯಾರ ಪಿಪ್? ನನ್ನ ಯಂತ್ರದಲ್ಲಿ ಅದು 3.10ರದಾಗಿತ್ತು, ತಂದದ್ದನ್ನೆಲ್ಲ 3.10ರ ಕೋಣೆಯಲ್ಲಿ ಇಟ್ಟಿತ್ತು. 3.12 ಆ ಕೋಣೆಗೆ ಇಣುಕುವುದೇ ಇಲ್ಲ, ಇಣುಕಲೂಬಾರದು. ಈ ಪ್ಯಾಕೇಜು ನೆಚ್ಚಿಕೊಂಡಿರುವ ‘ಎಲ್‌ಎಕ್ಸ್‌ಎಂಎಲ್’ ಎಂಬುದರ ಕೆಲವು ಭಾಗಗಳು ಸಿ ಭಾಷೆಯಿಂದ ಯಂತ್ರಭಾಷೆಗೆ ಇಳಿಸಿದಂಥವು, 3.10ಕ್ಕೆಂದು ಇಳಿಸಿದ್ದು 3.12ಕ್ಕೆ ಒಗ್ಗುವುದಿಲ್ಲ.

ಹೀಗಿರುವಾಗ ಬರೆಯಬೇಕಾದದ್ದು ‘ತನ್ನ’ ಎಂಬರ್ಥ ಬರುವ ಆಜ್ಞೆಯನ್ನು: ‘ಪೈಥಾನ್3.12’, ಒಂದು ಅಂತರ, ಅಡ್ಡಗೆರೆಗೆ ಅಂಟಿದ ‘ಎಂ’, ಆಮೇಲೆ ‘ಪಿಪ್ ಇನ್‌ಸ್ಟಾಲ್’. ಎಂದರೆ, 3.12 ಆದ ನೀನು ನಿನ್ನದೇ ಪಿಪ್‌ನಿಂದ ತರಿಸಿಕೋ. ಕರ್ತೃ ಸ್ಪಷ್ಟ, ಸಂಬಂಧ ಸ್ಪಷ್ಟ. ವಿಂಡೋಸಿನಲ್ಲಿ ‘ಪೈ’ ಎಂಬ ಆಜ್ಞೆಯ ಮುಂದೆ ಅಡ್ಡಗೆರೆಯೊಡನೆ ಸಂಖ್ಯೆಯನ್ನು ಬರೆದರೂ ಇದೇ ಫಲ. ಅಷ್ಟೊಂದು ಸುಲಭವಾದ ಈ ವಾಕ್ಯವನ್ನು ಬಿಟ್ಟು, ಸಾವಿರಾರು ಪಾಠಗಳೂ ಪುಸ್ತಕಗಳೂ ಬರಿಯ ‘ಪಿಪ್ ಇನ್‌ಸ್ಟಾಲ್’ ಎಂದೇ ಕಲಿಸುತ್ತ ಬಂದಿರುವುದೇಕೆ? ಏಳು ಅಕ್ಷರ ಉಳಿಯಿತೆಂದೇ? ಕರ್ತೃಪದವಿಲ್ಲದ ವಾಕ್ಯ ಬರೆದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಈ ಗುರುಗಳಿಗೆ ಅಂಕ ಕಳೆಯುವವರು ಯಾರು?

ನಾನಾಗ ಇದನ್ನು ತಿಳಿದಿರಲಿಲ್ಲ. ಇನ್ನೊಬ್ಬ ಶಿಷ್ಯನನ್ನು ಕೇಳಿದೆ. (ಅವನ ಹೆಸರು ಬೇಡ; ಓದುತ್ತಿದ್ದಾನೆ.) ‘ಸುಡೊ’ ಸೇರಿಸಿ ಎಂದ. ಆಗಲಿಲ್ಲವೆಂದಾಗ, ‘ಪೈಥಾನ್3’ ಎಂಬ ಹೆಸರನ್ನೇ 3.10ರಿಂದ ಬಿಡಿಸಿ 3.12ರ ಕಡೆಗೆ ತಿರುಗಿಸಿಬಿಡಿ, ಆಗ ಎಲ್ಲ ಒಂದೇ ಆಗುತ್ತದೆ ಎಂದ. ತಿರುಗಿಸಿದೆ. ಯಂತ್ರವನ್ನು ಮುಚ್ಚಿ ತೆರೆದೆ. ಟರ್ಮಿನಲ್ಲಿನ ಚಿತ್ರವನ್ನು ಒತ್ತಿದರೆ ಒಂದು ಕ್ಷಣ ಸುತ್ತಿ ಸುಮ್ಮನಾಯಿತು. ಮತ್ತೆ ಒತ್ತಿದೆ. ತೆರೆಯಲೇ ಇಲ್ಲ. ಆಜ್ಞೆ ಕೊಡುವ ಕಿಟಕಿಯೇ ಮುಚ್ಚಿದ ಮೇಲೆ ತಪ್ಪನ್ನು ತಿದ್ದುವುದಾದರೂ ಎಲ್ಲಿಂದ? ಪರಿವರ್ತನೆಯಾದ ಪದಗಳೆಲ್ಲ ಆ ಯಂತ್ರದಲ್ಲಿದ್ದವು. ಪ್ರತಿಯನ್ನು ಬೇರೆಡೆ ತೆಗೆದಿಟ್ಟಿರಲಿಲ್ಲ. (ಇದು ನನ್ನ ತಪ್ಪು, ಒಪ್ಪುತ್ತೇನೆ.) ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಾಡಿದ ಅಜ್ಜಿಯರ ಮುಖಗಳೇ ಕಣ್ಣ ಮುಂದೆ.

ಮರುದಿನ ತಮ್ಮನ ಮಗಳು ದೂರವಾಣಿಯಲ್ಲೇ, “ದೊಡ್ಡಪ್ಪ, ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ” ಎಂದಳು. ಕಪ್ಪು ತೆರೆಯೊಂದು ಬಂತು. ಅಲ್ಲಿಂದ ‘ಪೈಥಾನ್3’ನ್ನು ಮತ್ತೆ 3.10ಕ್ಕೆ ಕಟ್ಟಿದ್ದೇ ತಡ, ಎಲ್ಲ ಸರಿಹೋಯಿತು. ಕಡತಗಳಿಗೆ ಏನೂ ಆಗಿರಲಿಲ್ಲ. ಕಾರಣವನ್ನು ಅವಳೇ ವಿವರಿಸಿದಳು. ಉಬುಂಟುವಿನ ಆ ಆವೃತ್ತಿಯಲ್ಲಿ ಟರ್ಮಿನಲ್ಲನ್ನು ತೆರೆಯುವುದೇ ಪೈಥಾನಿನಲ್ಲಿ ಬರೆದ ಒಂದು ಸಣ್ಣ ಕಡತ. ಪ್ಯಾಕೇಜುಗಳ ಉಸ್ತುವಾರಿ ನೋಡುವ ‘ಆಪ್ಟ್’ನ ಕೆಲವು ಸಹಾಯಕರೂ ಪೈಥಾನಿನವರೇ. ಅವರಿಗೆ ಬೇಕಾದ ಯಂತ್ರಭಾಷೆಯ ಭಾಗಗಳ ಹೆಸರಿನಲ್ಲೇ ‘310’ ಎಂಬ ಮುದ್ರೆಯಿರುತ್ತದೆ. 3.12 ಅದೇ ಕಪಾಟನ್ನು ತೆರೆದು ನೋಡಿದರೂ ಆ ಮುದ್ರೆಯುಳ್ಳದ್ದು ಅದರ ಪಾಲಿಗೆ ಇದ್ದೂ ಇಲ್ಲದಂತೆ. ಎಂದರೆ, ಯಂತ್ರದೊಡನೆ ಬಂದ ಪೈಥಾನು ನಮ್ಮ ಬಳಕೆಗೆಂದು ಬಂದದ್ದೇ ಅಲ್ಲ. ಅದು ಮನೆಯ ಕೆಲಸಕ್ಕಿರುವುದು. ಶಾಲೆಯ ಗಂಟೆ ಹೊಡೆಯುವವನನ್ನು ಕರೆದೊಯ್ದು ಹೊಲ ಉಳಲು ಹಚ್ಚಿದರೆ ಶಾಲೆ ಬಿಡುವುದು ಹೇಗೆ?

ಹಾಗಾದರೆ ‘ತನ್ನ’ ಪ್ರಯೋಗವೊಂದೇ ಸಾಕೇ? ಸಾಲದು. ನನ್ನ ಯಂತ್ರದಲ್ಲಿ ಅದೂ ಎಡವಿತು. ಉಬುಂಟು ಕೊಟ್ಟಿದ್ದ ಪಿಪ್ ಹಳೆಯದು; 3.12ರಲ್ಲಿ ತೆಗೆದುಹಾಕಿದ ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಸಾಮಗ್ರಿಯನ್ನು ಅದು ನಂಬಿಕೊಂಡಿತ್ತು. ಕೊನೆಗೆ ಕೈಹಿಡಿದದ್ದು ‘ವೆನ್ವ್’. ಪೈಥಾನ್3.12ಕ್ಕೆ ಅಡ್ಡಗೆರೆ-ಎಂ ಸೇರಿಸಿ, ‘ವೆನ್ವ್’ ಎಂದು ಬರೆದು, ಒಂದು ಕಡತಕೋಶದ ಹೆಸರು ಕೊಟ್ಟರೆ, ಆ ಕೋಶದೊಳಗೆ ಸ್ವಂತ ಪಿಪ್, ಪ್ಯಾಕೇಜುಗಳಿಗೆ ಸ್ವಂತ ಕೋಣೆ ಎರಡೂ ಸಿದ್ಧವಾಗುತ್ತವೆ. (ಉಬುಂಟುವಿನಲ್ಲಿ ವೆನ್ವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.) ಬೇಡವಾದ ದಿನ ಕೋಶವನ್ನು ಅಳಿಸಿದರೆ ಮುಗಿಯಿತು, ಬೇರೆ ಯಾರಿಗೂ ನೋವಿಲ್ಲ. ಇದೇನು ನಿನ್ನೆ ಮೊನ್ನೆಯ ಆವಿಷ್ಕಾರವೇ? ‘ವರ್ಚುಯಲ್‌ಎನ್ವ್’ 2007ರಲ್ಲೇ ಬಂದಿತ್ತು, 2012ರ 3.3ರಿಂದ ವೆನ್ವ್ ಪೈಥಾನಿನೊಳಗೇ ಸೇರಿದೆ. ಹತ್ತು ವರ್ಷ ಕಳೆದರೂ ಶಿಷ್ಯೋತ್ತಮರು ಸುಡೊ ಜಪ ಮಾಡುತ್ತಿದ್ದರು! ಆ ಜಪದ ಅರ್ಥವಾದರೂ ಗೊತ್ತೇ? ಕೆಲವು ಪ್ಯಾಕೇಜುಗಳು ಸ್ಥಾಪನೆಯಾಗುವಾಗಲೇ ತಮ್ಮೊಳಗಿನ ಪ್ರೋಗ್ರಾಮನ್ನು ಓಡಿಸುತ್ತವೆ. ಎಲ್ಲಿಯೋ ಕುಳಿತ ಅಪರಿಚಿತ ಬರೆದದ್ದನ್ನು ಯಂತ್ರದ ಯಜಮಾನನ ಅಧಿಕಾರದಲ್ಲಿ ಓಡಿಸುವುದೆಂದರೆ ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಜಾಗ ವ್ಯರ್ಥವಾಗುತ್ತದೆ, ಒಂದೇ ಪ್ಯಾಕೇಜು ಹತ್ತು ಕಡೆ ಕೂರುತ್ತದೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ದೊಡ್ಡ ಪ್ಯಾಕೇಜುಗಳ ಮಟ್ಟಿಗೆ ಅದರಲ್ಲಿ ಸತ್ಯಾಂಶವುಂಟು. ಆದರೆ ನನ್ನ ಕೋಶ ಹಿಡಿದಿರುವ ಜಾಗ ಮೊಮ್ಮಗನ ಹುಟ್ಟುಹಬ್ಬದ ವಿಡಿಯೊ ಹಿಡಿದದ್ದಕ್ಕಿಂತ ಕಡಿಮೆ. ಇನ್ನು, ‘ಪೈಎನ್ವ್’ ಇದೆ, 2024ರಲ್ಲಿ ಬಂದ ‘ಯುವಿ’ ಇದೆ, ಬೇಕಾದ ಪೈಥಾನನ್ನೂ ಅವೇ ತಂದುಕೊಡುತ್ತವೆ ಎನ್ನುವವರಿದ್ದಾರೆ. ಬಳಸಿ, ಬೇಡವೆನ್ನಲಾರೆ. ಅವೂ ಮಾಡುವುದು ಇದನ್ನೇ: ಯಾವ ಪೈಥಾನು, ಯಾರ ಕೋಣೆ ಎಂಬುದನ್ನು ನಿರ್ಧರಿಸುವುದು. ಲೆಕ್ಕದ ಯಂತ್ರ ಬಂದಿತೆಂದು ನಾವು ಮಗ್ಗಿ ಕಲಿಸುವುದನ್ನು ಬಿಡಲಿಲ್ಲವಷ್ಟೆ?

ಇನ್ನೊಂದು ಮಾತು. ‘ಎಲ್ಲಕ್ಕೂ ಆ ಹಳೆಯ ಪೈಥಾನೇ ಕಾರಣ, ಎಸೆಯಿರಿ’ ಎಂದು ಮೂಗು ಮುರಿಯುವವರ ಮೇಲೂ ನನಗೆ ಕೋಪವುಂಟು. 2.7ಕ್ಕೆ 2020ರ ಜನವರಿ 1ರಂದು ಪೋಷಣೆ ನಿಂತಿತು, ನಿಜ. ಕನ್ನಡಿಗನಾಗಿ ಹೊಸ ಪೈಥಾನಿಗೆ ನಾನು ಋಣಿ ಕೂಡ. ಹಳೆಯದರ ಸಾಧಾರಣ ಪಠ್ಯದಲ್ಲಿ ‘ಕ’ ಎಂಬ ಒಂದಕ್ಷರದ ಉದ್ದವನ್ನು ಕೇಳಿದರೆ ಮೂರು ಎನ್ನುತ್ತಿತ್ತು, ಅಕ್ಷರವನ್ನು ಬಿಟ್ಟು ಬೈಟುಗಳನ್ನು ಎಣಿಸುತ್ತಿತ್ತು. ಹೊಸದು ಒಂದು ಎನ್ನುತ್ತದೆ. ಆದರೆ ಹಳೆಯದರಲ್ಲಿ ಬರೆದ ಆ ಪುಟ್ಟ ಪ್ರೋಗ್ರಾಮಿಲ್ಲದಿದ್ದರೆ ಪದಗಳು ನುಡಿ ಕಡತಗಳಲ್ಲೇ ಉಳಿಯುತ್ತಿದ್ದವು. ಅದಕ್ಕೂ ಒಂದು ಕೋಣೆ ಕಟ್ಟಿಕೊಟ್ಟು, ಕೊನೆಯ ಕಡತದವರೆಗೆ ದುಡಿಸಿಕೊಂಡು, ಆಮೇಲೆ ಬೀಳ್ಕೊಟ್ಟೆ.

ಮೊನ್ನೆಯ ಎಚ್ಚರಿಕೆಗೆ ಬರುತ್ತೇನೆ. ಈಗ ನನ್ನ ಯಂತ್ರದಲ್ಲಿರುವುದು ಉಬುಂಟು 24.04. ಅಲ್ಲಿ ಬರಿಯ ಪಿಪ್ ಬರೆದರೆ, ‘ಈ ಪೈಥಾನಿನ ಉಸ್ತುವಾರಿ ಬೇರೆಯವರದು, ವೆನ್ವ್ ಕಟ್ಟಿಕೊಳ್ಳಿ’ ಎಂಬರ್ಥದ ತಡೆ ಬರುತ್ತದೆ. 2021ರಲ್ಲಿ ಮಂಡಿತವಾದ 668ನೆಯ ಪ್ರಸ್ತಾವದ ಫಲವಿದು. 2023ರಲ್ಲಿ ಡೆಬಿಯನ್ 12ರೊಡನೆಯೂ ಬಂದಿತು. 22.04ರಲ್ಲೇ ಇದಿದ್ದಿದ್ದರೆ ಆ ಒಂದು ರಾತ್ರಿಯ ನಿದ್ರೆ ನನಗೆ ಉಳಿಯುತ್ತಿತ್ತು. ಅದು ಬೈಗುಳವಲ್ಲ, ಹಳ್ಳದ ಮುಂದೆ ನೆಟ್ಟ ಕೆಂಪು ಬಾವುಟ. ಮಾಡಬೇಕಾದದ್ದೇನೆಂದು ಅದರಲ್ಲೇ ಬರೆದಿದೆ. ತಡೆಯನ್ನು ದಾಟುವ ಆಯ್ಕೆಗೆ ‘ಮುರಿ’ ಎಂದು ಹೆಸರಿಟ್ಟವರು ಪ್ರಾಮಾಣಿಕರು. ಅದನ್ನು ಕಂಡೂ, ಯಂತ್ರ ಕೆಟ್ಟರೆ ಸರಿಪಡಿಸಲು ಬಾರದವನಿಗೆ ಅದನ್ನೇ ಸಲಹೆಯಾಗಿ ಕೊಡುವವರನ್ನು ನಾನು ಏನೆನ್ನಲಿ? ನಿಮ್ಮ ಕಚೇರಿಯ ಯಂತ್ರ ಕೆಟ್ಟರೆ ಅರ್ಧ ಗಂಟೆಯಲ್ಲಿ ಇನ್ನೊಂದು ಬರುತ್ತದೆ. ನಮ್ಮದು ಕೆಟ್ಟರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾಸನಕ್ಕೆ ಹೋಗಬೇಕು.

‘ಮುರಿ’ಯೆಂದ ಹುಡುಗನಿಗೆ ಇದನ್ನೆಲ್ಲ ದೂರವಾಣಿಯಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ನನ್ನ ಲ್ಯಾಪ್‌ಟಾಪಲ್ಲೂ ಹಾಗೇ ಮಾಡ್ಕೊಂಡಿದೀನಿ” ಎಂದ. ಮುಂದಿನ ತಿಂಗಳು ಜಾತ್ರೆಗೆ ಊರಿಗೆ ಬರುತ್ತಾನಂತೆ. ಲ್ಯಾಪ್‌ಟಾಪನ್ನೂ ಜೊತೆಯಲ್ಲಿ ತರಲು ಹೇಳಿದ್ದೇನೆ.